ಹಾರ್ನ್ ಇಲ್ಲ, ಇಂಡಿಕೇಟರ್ ಮಿಟುಕಲ್ಲ, ಇಂಜಿನ್ ಮಾತ್ರ ಓಡುತ್ತೆ: ವೈರಿಂಗ್ ಡಯಾಗ್ರಾಂ ಹಿಡಿದು ಹುಡುಕೋದು ಹೇಗೆ?

ಕರಾವಳಿ ಸವಾರ:
ಗಾಡಿ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್, ಕಿಕ್ ಮಾತ್ರ, ಸೆಲ್ಫ್ ಇಲ್ಲ. ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ. ಇಂಜಿನ್ ಓಡುವಾಗ ಹೆಡ್‌ಲೈಟ್ ಚೆನ್ನಾಗಿದೆ. ನ್ಯೂಟ್ರಲ್ ಲೈಟ್ ಮಂದ. ಇಂಡಿಕೇಟರ್ ಹಾಕಿದರೆ ಬಲ್ಬ್ ಸಣ್ಣಗೆ ಉರಿಯುತ್ತೆ, ಮಿಟುಕುವುದಿಲ್ಲ. ಹಾರ್ನ್ ಒತ್ತಿದರೆ ಸದ್ದಿಲ್ಲ, ನ್ಯೂಟ್ರಲ್ ಲೈಟೂ ಆರಿಹೋಗುತ್ತೆ. ಬ್ಯಾಟರಿ 12.5 ವೋಲ್ಟ್ ಇದೆ, ಫ್ಯೂಸ್ ಸರಿ ಇದೆ. ಇಡೀ ವೈರಿಂಗ್ ಕಿಟ್ ಬದಲಾಯಿಸಬೇಕು ಅನ್ನೋ ಸಲಹೆ ಬಂದಿದೆ. ಡಯಾಗ್ರಾಂನ ಕಪ್ಪು ಬಿಳುಪು ಫೋಟೊ ಒಂದಿದೆ, ಆದರೆ ಅದನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅನ್ನೋದೇ ಗೊತ್ತಾಗ್ತಿಲ್ಲ.

ತಾಮ್ರದ ಎಳೆ:
ದಯವಿಟ್ಟು ವೈರಿಂಗ್ ಕಿಟ್‌ಗೆ ಈಗಲೇ ಕೈ ಹಾಕಬೇಡಿ. ನೀವು ಹೇಳಿದ ಲಕ್ಷಣಗಳಲ್ಲೇ ಅರ್ಧ ಉತ್ತರ ಇದೆ.

ಡಯಾಗ್ರಾಂ ಪೂರ್ತಿ ಓದಲು ಹೋಗಬೇಡಿ, ಯಾರಿಗೂ ಅದು ತಲೆಗೆ ಹತ್ತುವುದಿಲ್ಲ. ಒಂದು ಬಿಳಿ ಹಾಳೆ ತಗೊಂಡು, ಕೆಟ್ಟಿರುವ ಸರ್ಕ್ಯೂಟ್ ಒಂದನ್ನೇ ಅದರಿಂದ ಬಿಡಿಸಿ ಬರೆದುಕೊಳ್ಳಿ. ಈ ಗಾಡಿಯಲ್ಲಿ ಮೂರು ಬೇರೆ ಬೇರೆ ಸಂಸಾರ ಇದೆ. ಮೊದಲನೆಯದು ಇಗ್ನಿಷನ್: ಮ್ಯಾಗ್ನೆಟ್ ಕಾಯಿಲ್‌ನಿಂದ ಕಪ್ಪು/ಕೆಂಪು ತಂತಿ ನೇರ ಸಿಡಿಐಗೆ (ಸ್ಪಾರ್ಕ್ ಕೊಡಿಸುವ ಡಬ್ಬಿ) ಹೋಗುತ್ತೆ, ಬ್ಯಾಟರಿಯ ಹಂಗಿಲ್ಲ. ಎರಡನೆಯದು ಲೈಟಿಂಗ್: ಹಳದಿ ತಂತಿ, ಹೆಡ್‌ಲೈಟಿಗೆ ಎಸಿ ಕರೆಂಟ್, ಅಲ್ಲೂ ಬ್ಯಾಟರಿ ಇಲ್ಲ. ಮೂರನೆಯದು ಬ್ಯಾಟರಿ: ಬಿಳಿ ತಂತಿಯಿಂದ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್), ಅಲ್ಲಿಂದ ಕೆಂಪು ತಂತಿಯಲ್ಲಿ ಬ್ಯಾಟರಿ ಚಾರ್ಜ್ ಆಗುತ್ತೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ಕೀ ಸ್ವಿಚ್‌ಗೆ ಕೆಂಪು ಹೋಗಿ, ಕೀ ಆನ್ ಮಾಡಿದಾಗ ಕಪ್ಪು ತಂತಿಯಾಗಿ ಹೊರಬರುತ್ತೆ. ಹಾರ್ನ್, ಫ್ಲಾಷರ್ (ಇಂಡಿಕೇಟರ್ ಮಿಟುಕಿಸುವ ಡಬ್ಬಿ), ಬ್ರೇಕ್ ಸ್ವಿಚ್, ನ್ಯೂಟ್ರಲ್ ಎಲ್ಲಾ ಆ ಕಪ್ಪಿನ ಮಕ್ಕಳು.

ನಿಮ್ಮ ಗಾಡಿಯಲ್ಲಿ ಮೊದಲೆರಡು ಸರಿ ಇವೆ, ಮೂರನೆಯದು ಪೂರ್ತಿ ಸೊರಗಿದೆ. ಹಾರ್ನ್, ಫ್ಲಾಷರ್ ಎರಡೂ ಒಂದೇ ದಿನ ಸಾಯುವುದಿಲ್ಲ. ಅಂದರೆ ಕಪ್ಪು ಕವಲೊಡೆಯುವ ಜಾಗಕ್ಕಿಂತ ಹಿಂದೆ ಎಲ್ಲೋ ತೊಂದರೆ. ತಂತಿ ಪೂರ್ತಿ ಕಟ್ಟಾಗಿದ್ದರೆ ನ್ಯೂಟ್ರಲ್ ಲೈಟ್ ಮಂದವಾಗಿಯೂ ಉರಿಯುತ್ತಿರಲಿಲ್ಲ. ಸಣ್ಣ ಬಲ್ಬ್ ಉರಿದು, ಹಾರ್ನ್ ಒತ್ತಿದಾಗ ಅದೂ ಆರುತ್ತೆ ಅಂದರೆ ದಾರಿಯಲ್ಲಿ ಒಂದು ಕಡೆ ಕಿಲುಬು ಹಿಡಿದು ರೆಸಿಸ್ಟೆನ್ಸ್ ಬೆಳೆದಿದೆ.

ಬಾಡಿ ಅರ್ತ್:
ಒಂದು ಸೇರಿಸ್ತೀನಿ. ಬ್ಯಾಟರಿ ಮೈನಸ್‌ನಿಂದ ಚಾಸಿಸ್‌ಗೆ ಹೋಗುವ ಹಸಿರು ತಂತಿಯನ್ನೂ (ಕರೆಂಟ್ ವಾಪಸ್ ಬರುವ ದಾರಿ, ಅದೇ ಅರ್ತ್) ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಇಂಜಿನ್ ಓಡುತ್ತೆ, ಹೆಡ್‌ಲೈಟ್ ಉರಿಯುತ್ತೆ, ಹಾಗಾಗಿ ಅರ್ತ್ ಸರಿ ಇದೆ ಅಂತ ಅಂದುಕೊಳ್ಳೋದು ತಪ್ಪು. ಈ ಎರಡಕ್ಕೂ ಬ್ಯಾಟರಿಯ ಮೈನಸ್ ತಂತಿ ಬೇಕಾಗಿಲ್ಲ. ಅದರ ಬೋಲ್ಟ್ ಕೆಳಗೆ ತುಕ್ಕು ಹಿಡಿದಿದ್ದರೂ ನೀವು ಹೇಳಿದ ಲಕ್ಷಣಗಳೇ ಬರುತ್ತವೆ.

ಕರಾವಳಿ ಸವಾರ:
ಮಲ್ಟಿಮೀಟರ್‌ನ ಬೀಪ್ ಹಾಕಿ ನೋಡಿದೆ. ಫ್ಯೂಸ್‌ನಿಂದ ಕೀ ಸ್ವಿಚ್, ಅಲ್ಲಿಂದ ಹಾರ್ನ್ ಸ್ವಿಚ್ ತನಕ ಎಲ್ಲಾ ಕಡೆ ಬೀಪ್ ಬರ್ತಿದೆ.

ಹನ್ನೆರಡು ವೋಲ್ಟ್:
ಬೀಪನ್ನು ನಂಬಬೇಡಿ ಸರ್. ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದರೂ ಮೀಟರ್ ಬೀಪ್ ಅನ್ನುತ್ತೆ. ಎಷ್ಟೋ ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಕೊಡುತ್ತವೆ. 30 ಓಮ್ ದಾಟಿ ಹಾರ್ನ್‌ಗೆ ಕರೆಂಟ್ ಎಲ್ಲಿ ಹೋಗುತ್ತೆ?

ಕರೆಂಟ್ ಹರಿಯುವಾಗಲೇ ಅಳೆಯಬೇಕು, ಅದೇ ವೋಲ್ಟೇಜ್ ಡ್ರಾಪ್ ಪರೀಕ್ಷೆ. ಮೀಟರನ್ನು ಡಿಸಿ 20 ವೋಲ್ಟ್‌ನಲ್ಲಿ ಇಡಿ. ಕಪ್ಪು ಪ್ರೋಬ್ ನೇರ ಬ್ಯಾಟರಿಯ ಮೈನಸ್ ಕಂಬಕ್ಕೆ, ಚಾಸಿಸ್‌ಗಲ್ಲ. ಕೀ ಆನ್. ಒಬ್ಬರು ಹಾರ್ನ್ ಒತ್ತಿ ಹಿಡಿದಿರಲಿ. ಈಗ ಕೆಂಪು ಪ್ರೋಬನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋಗಿ: ಬ್ಯಾಟರಿ ಪ್ಲಸ್, ಫ್ಯೂಸಿನ ಎರಡೂ ಬದಿ, ಕೀ ಸ್ವಿಚ್ ಕಪ್ಲರ್‌ನ (ತಂತಿ ಸೇರಿಸುವ ಪ್ಲಾಸ್ಟಿಕ್ ಪ್ಲಗ್) ಕೆಂಪು, ಅಲ್ಲೇ ಕಪ್ಪು, ಹಾರ್ನ್‌ನ ತಿಳಿ ಹಸಿರು. ಒಂದೊಂದು ಕಡೆ 0.1, 0.2 ಇಳಿಯೋದು ಸಹಜ. ಎಲ್ಲಿ ಧುಮುಕುತ್ತದೋ ಆ ಎರಡು ಜಾಗದ ನಡುವೆ ರೋಗ.

ಹಾರ್ನ್ ಬಿಟ್ಟು ಅಳೆದರೆ ಎಲ್ಲಾ ಕಡೆ 12.4 ತೋರಿಸಿ ಮೀಟರ್ ನಿಮಗೆ ಮೋಸ ಮಾಡುತ್ತೆ. ಕರೆಂಟ್ ಹರಿಯದಿದ್ದರೆ ಡ್ರಾಪ್ ಆಗೋದೇ ಇಲ್ಲ.

ಅರ್ತ್ ಬದಿಗೂ ಇದೇ ರೀತಿ. ಕಪ್ಪು ಪ್ರೋಬ್ ಬ್ಯಾಟರಿ ಮೈನಸ್, ಕೆಂಪು ಪ್ರೋಬ್ ಹಾರ್ನ್‌ನ ಹಸಿರು ತಂತಿ, ಹಾರ್ನ್ ಒತ್ತಿ. 0.2ರ ಒಳಗಿದ್ದರೆ ಅರ್ತ್ ಸರಿ. ಒಂದು ವೋಲ್ಟ್ ಮೇಲೆ ಬಂದರೆ ಬಾಡಿ ಅರ್ತ್ ಅವರು ಹೇಳಿದ ಬೋಲ್ಟ್ ಬಿಚ್ಚಿ.

ಗ್ಯಾರೇಜ್ ಹುಡುಗ:
ಹಳದಿ ತಂತಿಯನ್ನೂ ಡಿಸಿಯಲ್ಲೇ ನೋಡಬಹುದಾ ಅಣ್ಣ?

ಹನ್ನೆರಡು ವೋಲ್ಟ್:
ಬೇಡ. ಅದು ಎಸಿ. ಡಿಸಿಯಲ್ಲಿ ಇಟ್ಟರೆ ಅರ್ಥವಿಲ್ಲದ ಅಂಕಿ ಬರುತ್ತೆ, ಒಳ್ಳೇ ಕಾಯಿಲ್ ಸುಟ್ಟಿದೆ ಅಂತ ಕಿತ್ತು ಹಾಕ್ತೀರಿ. ಡಯಾಗ್ರಾಂನಲ್ಲಿ ತಂತಿ ಆರ್‌ಆರ್ ಯೂನಿಟ್‌ನಿಂದ ಮ್ಯಾಗ್ನೆಟ್ ಕಡೆ ಇದೆಯೋ, ಬ್ಯಾಟರಿ ಕಡೆ ಇದೆಯೋ ಮೊದಲು ನೋಡಿ. ಮ್ಯಾಗ್ನೆಟ್ ಕಡೆ ಎಸಿ, ಬ್ಯಾಟರಿ ಕಡೆ ಡಿಸಿ. ದೊಡ್ಡ ಗಾಡಿಗಳಲ್ಲಿ ಮೂರು ಫೇಸ್ ಸ್ಟೇಟರ್ (ಮ್ಯಾಗ್ನೆಟ್ ಕಾಯಿಲ್) ಇದ್ದರೆ ಒಂದೇ ಬಣ್ಣದ ಮೂರು ತಂತಿ ಬರುತ್ತವೆ, ಎಷ್ಟೋ ಗಾಡಿಯಲ್ಲಿ ಮೂರೂ ಹಳದಿ. ಕಪ್ಲರ್ ತೆಗೆದು ಇಂಜಿನ್ ಓಡಿಸಿ, ಎರಡೆರಡು ತಂತಿಯ ನಡುವೆ ಎಸಿ ಅಳೆಯಿರಿ, ಮೂರು ಅಳತೆಯೂ ಸಮ ಇರಬೇಕು. ಇಂಜಿನ್ ನಿಲ್ಲಿಸಿ ಯಾವ ತಂತಿಯಿಂದಲೂ ಚಾಸಿಸ್‌ಗೆ ಓಮ್ ತೋರಿಸಬಾರದು.

ಕಪ್ಲರ್:
ಆ ಕಪ್ಪು ಬಿಳುಪು ಫೋಟೊದ ಬಗ್ಗೆ ಎಚ್ಚರಿಕೆ. ಅದರಲ್ಲಿ ಬಣ್ಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ, ಆ ಅಕ್ಷರ ಕಂಪನಿಗೊಂದು ರೀತಿ. ಹೋಂಡಾ ಡಯಾಗ್ರಾಂನಲ್ಲಿ 'Bl' ಅಂದರೆ ಕಪ್ಪು, ನೀಲಿಗೆ 'Bu'. ಸುಜುಕಿಯಲ್ಲಿ ಅದೇ 'Bl' ಅಂದರೆ ನೀಲಿ, ಕಪ್ಪಿಗೆ ಬರೀ 'B'. ಯಮಾಹಾದಲ್ಲಿ ನೀಲಿಗೆ ಬರೀ 'L'. ಹಾಳೆಯ ಮೂಲೆಯಲ್ಲಿ ಬಣ್ಣದ ಪಟ್ಟಿ ಇರುತ್ತೆ, ಫೋಟೊ ತೆಗೆಯುವಾಗ ಎಲ್ಲರೂ ಬಿಡುವುದು ಆ ಮೂಲೆಯನ್ನೇ.

ಎರಡು ಬಣ್ಣ ಬರೆದಿದ್ದರೆ ಮೊದಲನೆಯದು ತಂತಿಯ ಮೈ, ಎರಡನೆಯದು ಮೇಲಿನ ಗೆರೆ. ಕಪ್ಪು/ಬಿಳಿ ಬೇರೆ, ಬಿಳಿ/ಕಪ್ಪು ಬೇರೆ. ಹಳೇ ತಂತಿಯ ಗೆರೆ ಅಳಿಸಿಹೋಗಿದ್ದರೆ ಕಪ್ಲರ್ ಬುಡದಲ್ಲಿ ಟೇಪ್ ಬಿಚ್ಚಿ ನೋಡಿ, ಬಿಸಿಲು ಕಾಣದ ಕಡೆ ಬಣ್ಣ ಉಳಿದಿರುತ್ತೆ.

ಅರ್ತ್ ಬಣ್ಣವೂ ಹಾಗೇ. ಹೋಂಡಾದಲ್ಲಿ ಹಸಿರು. ಯಮಾಹಾದಲ್ಲಿ ಕಪ್ಪು. ಸುಜುಕಿಯಲ್ಲಿ ಕಪ್ಪು/ಬಿಳಿ. ಕವಾಸಾಕಿಯಲ್ಲಿ ಕಪ್ಪು/ಹಳದಿ. ಕೀ ಆನ್ ಆದ ಮೇಲಿನ ಕರೆಂಟ್ ಹೋಂಡಾದಲ್ಲಿ ಕಪ್ಪು, ಯಮಾಹಾದಲ್ಲಿ ಕಂದು, ಸುಜುಕಿಯಲ್ಲಿ ಕಿತ್ತಳೆ. ಯಮಾಹಾ ಕಲಿತ ಕೈ ಹೋಂಡಾದ ಕಪ್ಪನ್ನು ಅರ್ತ್ ಅಂದುಕೊಂಡು ಚಾಸಿಸ್‌ಗೆ ಮುಟ್ಟಿಸಿದರೆ ಫ್ಯೂಸ್ ಆ ಕ್ಷಣವೇ ಹೋಗುತ್ತೆ. ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ ಹೋಗುವುದು ವೈರಿಂಗ್.

ಗ್ಯಾರೇಜ್ ಹುಡುಗ:
ಕೀ ಸ್ವಿಚ್ ಹತ್ತಿರ ಡಯಾಗ್ರಾಂನಲ್ಲಿ ಚೌಕಗಳು, ಒಳಗೆ ಸೊನ್ನೆ, ಸೊನ್ನೆಗಳ ನಡುವೆ ಗೆರೆ ಇರುತ್ತಲ್ಲ, ಅದೇನು?

ಕಪ್ಲರ್:
ಅದು ಸ್ವಿಚ್‌ನ ಕೋಷ್ಟಕ. ಮೇಲಿನ ಸಾಲಲ್ಲಿ ತಂತಿಗಳು, ಎಡಗಡೆ ಸ್ವಿಚ್‌ನ ಸ್ಥಾನಗಳು. ಸೊನ್ನೆ ಸೊನ್ನೆ ಸೇರಿಸಿ ಗೆರೆ ಇದ್ದರೆ, ಆ ಸ್ಥಾನದಲ್ಲಿ ಆ ಎರಡು ತಂತಿ ಒಳಗೆ ಕೂಡುತ್ತವೆ.

ಈ ಗಾಡಿಯ ಕೋಷ್ಟಕ ನೋಡಿ ಕಲಿಯುವಂಥದ್ದು. ಆನ್ ಸಾಲಲ್ಲಿ ಕೆಂಪು, ಕಪ್ಪು ಸೇರುತ್ತವೆ. ಆಫ್ ಸಾಲಲ್ಲಿ ಕಪ್ಪು/ಬಿಳಿ ಮತ್ತು ಹಸಿರು ಸೇರುತ್ತವೆ. ಅಂದರೆ ಕೀ ಆಫ್ ಮಾಡಿದಾಗ ಸಿಡಿಐಯ ಕರೆಂಟನ್ನು ಅರ್ತ್ ಮಾಡಿ ಇಂಜಿನ್ ನಿಲ್ಲಿಸುತ್ತೆ. ಕೀ ಸ್ವಿಚ್‌ನ ಕಪ್ಲರ್ ಪೂರ್ತಿ ಕಿತ್ತರೆ ಇಂಜಿನ್ ಓಡುತ್ತಲೇ ಇರುತ್ತೆ, ಕೀಯಿಂದ ನಿಲ್ಲಿಸಲಾಗದು. ಸ್ಪಾರ್ಕ್ ಇಲ್ಲದ ಗಾಡಿ ಬಂದಾಗ ಮೊದಲು ಆ ಕಪ್ಪು/ಬಿಳಿ ತಂತಿಯನ್ನು ಸಿಡಿಐ ಹತ್ತಿರ ಬಿಡಿಸಿ ಕಿಕ್ ಮಾಡಿ. ಸ್ಪಾರ್ಕ್ ಬಂತೆಂದರೆ ಸಿಡಿಐ, ಕಾಯಿಲ್ ಎರಡೂ ಸರಿ, ಆ ತಂತಿ ಎಲ್ಲೋ ಚಾಸಿಸ್‌ಗೆ ತಗುಲಿದೆ. ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಗಾಡಿಗಳಲ್ಲಿ ಈ ಲೆಕ್ಕ ನಡೆಯದು. ಆದ್ದರಿಂದಲೇ ಸರಿಯಾದ ಡಯಾಗ್ರಾಂ ಬೇಕು.

ರಾತ್ರಿ ಪಾಳಿ:
ಸರಿಯಾದ ಡಯಾಗ್ರಾಂ ಸಿಗೋದು ಎಲ್ಲಿ? ಹುಡುಕಿದರೆ ಒಂದೇ ಗಾಡಿಗೆ ನಾಲ್ಕು ಬೇರೆ ಬೇರೆ ಚಿತ್ರ ಬರುತ್ತವೆ.

ತಾಮ್ರದ ಎಳೆ:
ಗಾಡಿ ಜೊತೆ ಕೊಡುವ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇಕಾದ್ದು ಸರ್ವಿಸ್ ಮ್ಯಾನ್ಯುಯಲ್, ಅದರ ಕೊನೆಯ ಅಧ್ಯಾಯದಲ್ಲಿ ಮಡಚಿಟ್ಟ ದೊಡ್ಡ ಹಾಳೆ. ಹುಡುಕುವಾಗ ಮಾಡೆಲ್ ಹೆಸರಿನ ಜೊತೆ 'ಸರ್ವಿಸ್ ಮ್ಯಾನ್ಯುಯಲ್' ಅಂತಲೇ ಹಾಕಿ, ಬರೀ 'ವೈರಿಂಗ್ ಡಯಾಗ್ರಾಂ' ಅಂತ ಹಾಕಿದರೆ ಯಾರೋ ಅರ್ಧ ಬಿಡಿಸಿದ ಚಿತ್ರವೇ ಮೊದಲು ಬರುತ್ತೆ. ಜೊತೆಗೆ ಪಾರ್ಟ್ಸ್ ಕ್ಯಾಟಲಾಗ್ ಇಟ್ಟುಕೊಳ್ಳಿ. ಡಯಾಗ್ರಾಂ ಯಾವ ತಂತಿ ಎಲ್ಲಿಗೆ ಅಂತ ಹೇಳುತ್ತೆ, ಆದರೆ ಆ ಕಪ್ಲರ್ ಗಾಡಿಯಲ್ಲಿ ಟ್ಯಾಂಕ್ ಕೆಳಗಿದೆಯೋ, ಡೂಮ್ (ಹೆಡ್‌ಲೈಟ್ ಡಬ್ಬ) ಒಳಗಿದೆಯೋ ಹೇಳುವುದಿಲ್ಲ. ಕ್ಯಾಟಲಾಗ್‌ನ ಚಿತ್ರದಲ್ಲಿ ಅದು ಕಾಣುತ್ತೆ.

ನಾಲ್ಕು ಚಿತ್ರ ಬರುವುದಕ್ಕೆ ಕಾರಣ ಇದೆ. ಒಂದೇ ಹೆಸರಿನ ಗಾಡಿಯಲ್ಲಿ ಕಿಕ್, ಸೆಲ್ಫ್ ಎರಡಕ್ಕೂ ವೈರಿಂಗ್ ಬೇರೆ. 2017ರ ಏಪ್ರಿಲ್‌ನಿಂದ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಬಂದು ಹೆಡ್‌ಲೈಟಿನ ಸ್ವಿಚ್ಚೇ ಹೋಯಿತು. 2020ರ ಏಪ್ರಿಲ್‌ನ ಬಿಎಸ್ 6 ಹೊಗೆ ನಿಯಮದ ನಂತರ ಕಾರ್ಬುರೇಟರ್ ಹೋಗಿ ಬಹುತೇಕ ಗಾಡಿಗೆ ಇಂಜೆಕ್ಷನ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್ ಬಂದವು. 2016ರ ಹಾಳೆ ಇಟ್ಟುಕೊಂಡು 2021ರ ಗಾಡಿ ಬಿಚ್ಚಿದರೆ ಹೆಸರೊಂದು ಬಿಟ್ಟು ಬೇರೇನೂ ಹೊಂದದು.

ಚಿತ್ರ ಸಿಕ್ಕ ಮೇಲೆ ಮೂರು ಕಡೆ ತಾಳೆ ನೋಡಿ: ಕೀ ಸ್ವಿಚ್‌ನಿಂದ ಎಷ್ಟು ತಂತಿ, ಆರ್‌ಆರ್ ಯೂನಿಟ್‌ಗೆ ಎಷ್ಟು ತಂತಿ, ಸಿಡಿಐ ಅಥವಾ ಇಸಿಯುಗೆ ಎಷ್ಟು ಪಿನ್. ಎಣಿಕೆಯೂ ಬಣ್ಣವೂ ಮೂರು ಕಡೆ ಹೊಂದಿದರೆ ಆ ಹಾಳೆಯನ್ನು ನಂಬಬಹುದು. ಒಂದು ಕಡೆ ತಪ್ಪಿದರೂ ಅದು ಬೇರೆ ಅವತರಣಿಕೆಯದ್ದು.

ಮೈಸೂರು ಗಾಡಿ:
ಯೆಜ್ಡಿ, ಜಾವಾ ಇಟ್ಟುಕೊಂಡವರಿಗೂ ಇದು ಬೇಕಾದ ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಮೂಲ ವಿನ್ಯಾಸ ಝೆಕ್ ಜಾವಾದ್ದು, ಅದರ ಹಳೆಯ 250 ಸಿಸಿ ಗಾಡಿಗಳ ಡಯಾಗ್ರಾಂ ಇಂದಿಗೂ ಸುಲಭವಾಗಿ ಸಿಗುತ್ತೆ. ಭಾಷೆ ಝೆಕ್ ಆದರೂ ಚಿಂತೆ ಇಲ್ಲ, ಅದರಲ್ಲಿ ಬಣ್ಣಕ್ಕಿಂತ ಅಂಕಿ ಮುಖ್ಯ. 30 ಅಥವಾ 51 ಅಂದರೆ ನೇರ ಬ್ಯಾಟರಿ ಕರೆಂಟ್. 15 ಕೀ ಹಾಕಿದ ಮೇಲಿನದು. 31 ಅರ್ತ್. 56 ಹೆಡ್‌ಲೈಟ್, 58 ಹಿಂದಿನ ದೀಪ, 61 ಚಾರ್ಜಿಂಗ್ ಲೈಟ್. ಇದು ಜರ್ಮನ್ ಡಿನ್ ಪದ್ಧತಿ, ಬಿಎಂಡಬ್ಲ್ಯು ಗಾಡಿಗಳಲ್ಲೂ ಇದೇ. ನಾವು ಅಂಗಡಿಯಲ್ಲಿ ಕೊಳ್ಳುವ ಸಾದಾ ರಿಲೇ ಮೇಲಿನ 30, 85, 86, 87 ಕೂಡ ಅಲ್ಲಿಂದಲೇ ಬಂದದ್ದು: 85, 86 ಸುರುಳಿ, 30ರಿಂದ 87ಕ್ಕೆ ಕರೆಂಟ್.

ಡೈನಮೋ ಇರುವ 6 ವೋಲ್ಟ್ ಗಾಡಿಯಲ್ಲಿ ಡ್ರಾಪ್ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿ ಮಾಡಿ. ಅರ್ಧ ವೋಲ್ಟ್ ಹೋದರೆ 12 ವೋಲ್ಟ್ ಗಾಡಿಯಲ್ಲಿ ಶೇಕಡಾ 4 ನಷ್ಟ, 6 ವೋಲ್ಟಿನಲ್ಲಿ ಶೇಕಡಾ 8. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಬೀಳುತ್ತೆ, ಆ ಶೇಕಡಾ 8ಕ್ಕೆ ಸುಮಾರು ಕಾಲುಭಾಗ ಬೆಳಕೇ ಹೋಗಿರುತ್ತೆ. ಹೆಡ್‌ಲೈಟ್ ಮಂದ ಅಂತ ಡೈನಮೋ ಬಿಚ್ಚುವ ಮೊದಲು ಡೂಮ್ ಒಳಗಿನ 31 ನೋಡಿ.

ರಾತ್ರಿ ಪಾಳಿ:
ಯಮಾಹಾದಲ್ಲಿ ಹಾರ್ನ್‌ನ ಎರಡೂ ತಂತಿಯಲ್ಲಿ 12 ವೋಲ್ಟ್ ತೋರಿಸುತ್ತೆ, ಒತ್ತದೇ ಇದ್ದಾಗಲೂ. ಶಾರ್ಟಾ?

ಬಾಡಿ ಅರ್ತ್:
ಶಾರ್ಟ್ ಅಲ್ಲ, ಅದರ ರಚನೆಯೇ ಹಾಗೆ. ಹೋಂಡಾದಲ್ಲಿ ಸ್ವಿಚ್ ಪ್ಲಸ್ ಬದಿಗಿದೆ, ಒತ್ತಿದಾಗ ಹಾರ್ನ್‌ಗೆ ಕರೆಂಟ್ ಬರುತ್ತೆ. ಯಮಾಹಾದಲ್ಲಿ ಕಂದು ತಂತಿಯಿಂದ ಹಾರ್ನ್‌ಗೆ ಸದಾ ಕರೆಂಟ್ ಇರುತ್ತೆ, ಗುಲಾಬಿ ತಂತಿ ಸ್ವಿಚ್‌ಗೆ ಹೋಗಿ ಒತ್ತಿದಾಗ ಅರ್ತ್ ಆಗುತ್ತೆ. ಒತ್ತದಿದ್ದಾಗ ಎರಡೂ ಕಡೆ 12 ಬರಲೇಬೇಕು. ಒತ್ತಿದಾಗಲೂ ಗುಲಾಬಿಯಲ್ಲಿ 12 ಉಳಿದರೆ ಸ್ವಿಚ್ ಕೆಟ್ಟಿದೆ ಅಥವಾ ಹ್ಯಾಂಡಲ್ ಕಡೆಯ ಅರ್ತ್ ಹೋಗಿದೆ. ಗುಲಾಬಿ ಸೊನ್ನೆಗಿಳಿದು ಕಂದಿನಲ್ಲಿ 12 ನಿಂತರೂ ಸದ್ದಿಲ್ಲದಿದ್ದರೆ ಹಾರ್ನೇ ಹೋಗಿದೆ. ಸ್ವಿಚ್ ಯಾವ ಬದಿಗಿದೆ ಅನ್ನೋದನ್ನು ಡಯಾಗ್ರಾಂನಲ್ಲಿ ನೋಡದೆ ಪ್ರೋಬ್ ಇಟ್ಟರೆ ಸರಿ ಇರುವ ಭಾಗವನ್ನೇ ಬದಲಾಯಿಸ್ತೀರಿ.

ಬ್ರೇಕ್ ಹಿಡಿದಾಗ ಇಂಡಿಕೇಟರ್ ಸಣ್ಣಗೆ ಉರಿಯುವ ಗಾಡಿಗಳಿಗೂ ಇಂಥದ್ದೇ ಕಾರಣ. ಹಿಂದಿನ ದೀಪದ ಅರ್ತ್ ಕಟ್ಟಾದಾಗ ಕರೆಂಟ್ ಇನ್ನೊಂದು ಬಲ್ಬಿನ ಮೂಲಕ ವಾಪಸ್ ದಾರಿ ಹುಡುಕುತ್ತೆ. ಸ್ವಿಚ್ ಮುಟ್ಟಬೇಡಿ, ಮಡ್‌ಗಾರ್ಡ್ ಒಳಗಿನ ಅರ್ತ್ ತಂತಿ ನೋಡಿ.

ಗ್ಯಾರೇಜ್ ಹುಡುಗ:
ಫ್ಯೂಸ್ ಹಾಕಿದ ತಕ್ಷಣ ಹೋಗುವ ಗಾಡಿಗೆ? ಒಂದೊಂದೇ ಫ್ಯೂಸ್ ಸುಟ್ಟುಕೊಂಡು ಹುಡುಕೋದು ಆಗಲ್ಲ.

ತಾಮ್ರದ ಎಳೆ:
ಫ್ಯೂಸಿನ ಜಾಗಕ್ಕೆ 12 ವೋಲ್ಟ್ 21 ವಾಟ್‌ನ ಬ್ರೇಕ್ ಬಲ್ಬ್ ಸೇರಿಸಿ. ಶಾರ್ಟ್ ಇರುವಷ್ಟು ಹೊತ್ತು ಬಲ್ಬ್ ಪೂರ್ತಿ ಉರಿಯುತ್ತೆ, 1.75 ಆಂಪಿಯರ್‌ಗಿಂತ ಹೆಚ್ಚು ಹರಿಯುವುದಿಲ್ಲ, ತಂತಿ ಸುಡುವುದಿಲ್ಲ. ಈಗ ಹಾಳೆ ನೋಡಿಕೊಂಡು ಒಂದೊಂದೇ ಕಪ್ಲರ್ ಬಿಡಿಸಿ. ಯಾವುದು ಬಿಡಿಸಿದಾಗ ಬಲ್ಬ್ ಮಂದವಾಯಿತೋ ಆ ಕವಲಿನಲ್ಲಿ ಶಾರ್ಟ್. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಹ್ಯಾಂಡಲ್ ತಿರುಗುವ ಬುಡದ ಹತ್ತಿರ ತಂತಿ ಉಜ್ಜಿರುವುದೇ ಹೆಚ್ಚು.

ಹನ್ನೆರಡು ವೋಲ್ಟ್:
ಆದರೆ ಬಿಎಸ್ 6 ಗಾಡಿಯಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ತಂತಿಗೆ ಮುಟ್ಟಿಸಬೇಡಿ. ಅಲ್ಲಿ ಇಸಿಯು ಕೊಡುವುದು 5 ವೋಲ್ಟ್, ಕೆಲವೇ ಮಿಲಿಆಂಪಿಯರ್. 5 ವಾಟ್ ಬಲ್ಬ್ ಕೂಡ ಸುಮಾರು 0.4 ಆಂಪಿಯರ್ ಎಳೆಯುತ್ತೆ. ಅಲ್ಲಿ ಮೀಟರ್ ಮಾತ್ರ. ಓಮ್ ಅಳೆಯುವ ಮೊದಲು ಬ್ಯಾಟರಿ ಮೈನಸ್ ಕಳಚಿ, ಇಸಿಯು ಕಪ್ಲರ್ ಬಿಡಿಸಿ. ತಂತಿಗೆ ಸೂಜಿ ಚುಚ್ಚಿ ನೋಡುವುದನ್ನು ಯಾವ ಗಾಡಿಯಲ್ಲೂ ಮಾಡಬಾರದು. ಕರಾವಳಿ, ಮಲೆನಾಡಿನ ಮಳೆಯಲ್ಲಿ ಆ ತೂತಿನಿಂದ ನೀರು ಇಳಿದು ತಾಮ್ರ ಒಳಗೊಳಗೇ ಹಸಿರಾಗುತ್ತೆ. ಕಪ್ಲರ್ ಹಿಂಬದಿಯಿಂದ, ತಂತಿಯ ಪಕ್ಕದಲ್ಲಿ ತೆಳು ಪಿನ್ ಇಳಿಸಿ ಅಳೆಯಿರಿ.

ಕರಾವಳಿ ಸವಾರ:
ಅಳೆದೆ. ಹಾರ್ನ್ ಒತ್ತಿ ಹಿಡಿದಾಗ: ಬ್ಯಾಟರಿ 12.4. ಫ್ಯೂಸಿನ ಎರಡೂ ಬದಿ 12.3. ಕೀ ಸ್ವಿಚ್ ಕಪ್ಲರ್‌ನ ಕೆಂಪು 12.2. ಕಪ್ಪು, ವೈರಿಂಗ್ ಕಡೆ 3.8. ಅರ್ತ್ ಬದಿ 0.1. ಕೀ ಸ್ವಿಚ್ ಹೊಸದು ತರಲಾ?

ಹನ್ನೆರಡು ವೋಲ್ಟ್:
ಇನ್ನೂ ಬೇಡ. ಕೆಂಪಿನಿಂದ ಕಪ್ಪಿನ ತನಕ ಮೂರು ಜಾಗ ಇದೆ: ಕಪ್ಲರ್‌ನ ಕೆಂಪು ಪಿನ್, ಸ್ವಿಚ್ ಒಳಗಿನ ಕಾಂಟ್ಯಾಕ್ಟ್, ಕಪ್ಲರ್‌ನ ಕಪ್ಪು ಪಿನ್. ಒಂದು ಪ್ರೋಬ್ ಕಪ್ಲರ್‌ನ ಸ್ವಿಚ್ ಕಡೆಯ ಕಪ್ಪಿಗೆ, ಇನ್ನೊಂದು ವೈರಿಂಗ್ ಕಡೆಯ ಕಪ್ಪಿಗೆ ಇಟ್ಟು ಹಾರ್ನ್ ಒತ್ತಿ. 0.1 ಬಂದರೆ ಆ ಪಿನ್ ಸರಿ, ಕೆಂಪಿಗೂ ಹಾಗೇ ನೋಡಿ. ಎರಡೂ ಸರಿ ಇದ್ದರೆ ಮಾತ್ರ ಸ್ವಿಚ್.

ಕರಾವಳಿ ಸವಾರ:
ಕಪ್ಪು ಪಿನ್‌ನಲ್ಲೇ 8.1 ವೋಲ್ಟ್! ಕಪ್ಲರ್ ಬಿಡಿಸಿದರೆ ಪಿನ್ ಹಸಿರಾಗಿದೆ, ಪ್ಲಾಸ್ಟಿಕ್ ಸ್ವಲ್ಪ ಕಂದಿದೆ. ಎಮರಿ ಪೇಪರ್‌ನಲ್ಲಿ ಉಜ್ಜಿ ಹಾಕಿದರೆ ಸಾಕಾ?

ಕಪ್ಲರ್:
ಎಮರಿ ಬೇಡ. ಪಿನ್ ಮೇಲಿನ ತವರದ ಲೇಪ ಹೋಗುತ್ತೆ, ಒಂದೇ ಮಳೆಗಾಲಕ್ಕೆ ಮತ್ತೆ ಹಸಿರು. ಪ್ಲಾಸ್ಟಿಕ್ ಕಂದಿದೆ ಅಂದರೆ ಪಿನ್ ಬಿಸಿಯಾಗಿ ಅದರ ಹಿಡಿತವೂ ಸಡಿಲವಾಗಿದೆ. ಗಂಡು, ಹೆಣ್ಣು ಎರಡೂ ಪಿನ್ ಬದಲಾಯಿಸಿ. ಬೆಂಗಳೂರಲ್ಲಿದ್ದರೆ ಜೆ.ಸಿ. ರಸ್ತೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ, ಹಳೇ ಪಿನ್ ಕೈಯಲ್ಲಿ ಒಯ್ದು ಅಳತೆ ಹೊಂದಿಸಿ. ತಂತಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಉದ್ದ ಸಾಲದಿದ್ದರೆ ಅದೇ ದಪ್ಪದ ಕಪ್ಪು ಆಟೋ ಕೇಬಲ್ ಸೇರಿಸಿ. ಬೇರೆ ಬಣ್ಣ ಹಾಕಿದರೆ ಮುಂದಿನವರ ಪಾಲಿಗೆ ಡಯಾಗ್ರಾಂ ಸುಳ್ಳಾಗುತ್ತೆ.

ರಾತ್ರಿ ಪಾಳಿ:
ಪಿನ್ ಜೋಡಿಸಿ ಮೇಲೆ ಸೋಲ್ಡರ್ ಹಾಕಿದರೆ ಇನ್ನೂ ಗಟ್ಟಿ ಅಲ್ಲವಾ?

ಕಪ್ಲರ್:
ಗಟ್ಟಿ ಆಗೋದೇ ತೊಂದರೆ. ಸೋಲ್ಡರ್ ಎಳೆಗಳ ಒಳಗೆ ಹರಿದು ತಂತಿಯನ್ನು ಕಡ್ಡಿಯಂತೆ ಮಾಡುತ್ತೆ, ಗಾಡಿಯ ಅದುರಿಗೆ ಸೋಲ್ಡರ್ ಮುಗಿಯುವ ಜಾಗದಲ್ಲೇ ಮುರಿಯುತ್ತೆ. ಹಲ್ಲಿರುವ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ಮುಂದಿನ ಜೋಡಿ ರೆಕ್ಕೆ ಬರೀ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೋಡಿ ಪ್ಲಾಸ್ಟಿಕ್ ಹೊದಿಕೆಯನ್ನು. ಎಳೆದರೆ ಬರಬಾರದು.

ಬಾಡಿ ಅರ್ತ್:
ಸೋಲ್ಡರ್ ಪೂರ್ತಿ ತಪ್ಪು ಅನ್ನೋದನ್ನು ನಾನು ಒಪ್ಪಲ್ಲ. ನಡುವೆ ತಂತಿ ಜೋಡಿಸುವಾಗ ಸೋಲ್ಡರ್ ಹಾಕಿ, ಎರಡೂ ಬದಿ ಒಂದೊಂದು ಇಂಚು ದಾಟುವಷ್ಟು ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಆ ಜಾಗ ಬಾಗದಂತೆ ಚಾಸಿಸ್‌ಗೆ ಕಟ್ಟಿದರೆ ವರ್ಷಗಟ್ಟಲೆ ಬಾಳುತ್ತೆ. ಪಿನ್‌ಗೆ ಮಾತ್ರ ಬೇಡ, ಹ್ಯಾಂಡಲ್ ತಿರುಗುವಾಗ ಬಾಗುವ ಜಾಗದಲ್ಲಂತೂ ಬೇಡವೇ ಬೇಡ.

ಕರಾವಳಿ ಸವಾರ:
ಎರಡೂ ಪಿನ್ ಬದಲಾಯಿಸಿದೆ. ಹಾರ್ನ್ ಒತ್ತಿದಾಗ ಕಪ್ಲರ್ ಮೇಲೆ ಈಗ 0.08 ವೋಲ್ಟ್. ಹಾರ್ನ್ ಹತ್ತಿರ 11.8. ಇಂಡಿಕೇಟರ್ ಸರಿಯಾಗಿ ಮಿಟುಕುತ್ತಿದೆ. ಪಿನ್, ಸ್ಲೀವ್ ಎಲ್ಲಾ ಸೇರಿ ಖರ್ಚು ವೈರಿಂಗ್ ಕಿಟ್‌ನ ಹತ್ತಿರಕ್ಕೂ ಬರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ.

ತಾಮ್ರದ ಎಳೆ:
ಬಹಳ ಸಂತೋಷ. ಅದೇ ಕಪ್ಲರ್‌ನ ಹಸಿರು ಮತ್ತು ಕಪ್ಪು/ಬಿಳಿ ಪಿನ್‌ಗಳನ್ನೂ ಈಗಲೇ ನೋಡಿಬಿಡಿ, ಒಂದೇ ನೀರು ಕುಡಿದಿರುತ್ತವೆ. ಅವು ಹಸಿರಾದರೆ ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲದ ದಿನ ಬರುತ್ತೆ. ಕಪ್ಲರ್ ಬಾಯಿ ಕೆಳಮುಖವಾಗಿ ಇರುವಂತೆ ಕಟ್ಟಿ, ತಂತಿಗಳು ಅದಕ್ಕಿಂತ ಸ್ವಲ್ಪ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ನೀವು ಬರೆದುಕೊಂಡ ಆ ಒಂದು ಹಾಳೆಯ ಸರ್ಕ್ಯೂಟ್ ಚಿತ್ರವನ್ನು, ಈ ಅಳತೆಗಳ ಜೊತೆ, ಇಲ್ಲಿ ಹಾಕಿ.